ಇಷ್ ಎಂಬ ಬಾಲಂಗೋಚಿ

ಇಂಗ್ಲಿಷ್ ಎಂಬ ಹೆಸರಿನಲ್ಲೇ ಆ ಭಾಷೆಯ ಪ್ರತ್ಯಯವೊಂದು ಕುಳಿತಿದೆ. ಹೆಸರನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಬಿಡಿಸಿ ನೋಡಿದರೆ ಮೊದಲ ಭಾಗ ಆಂಗಲ್ ಎಂಬ ಜನರದು. ಇಂದಿನ ಉತ್ತರ ಜರ್ಮನಿಯ ಕಡೆಯಿಂದ ಸಮುದ್ರ ದಾಟಿ ಬ್ರಿಟನ್ ದ್ವೀಪಕ್ಕೆ ಬಂದು ನೆಲೆಸಿದ ಬುಡಕಟ್ಟುಗಳಲ್ಲಿ ಅವರದೂ ಒಂದು. ಎರಡನೆಯ ಭಾಗ 'ಇಷ್'. ಆಂಗಲ್ ಜನರಿಗೆ ಸೇರಿದ್ದು ಯಾವುದೋ ಅದು ಇಂಗ್ಲಿಷ್. ಹಳೆಯ ಹಸ್ತಪ್ರತಿಗಳಲ್ಲಿ ಈ ಪ್ರತ್ಯಯದ ಅಕ್ಷರಗಳನ್ನು ಇದ್ದಂತೆಯೇ ಓದಿದರೆ 'ಇಸ್ಕ್' ಎಂದಾಗುತ್ತದೆ. ಜರ್ಮನ್ ಭಾಷೆಯಲ್ಲಿ ಇದರ ಸೋದರ 'ಇಷ್' ಆಗಿಯೇ ಉಳಿದಿದ್ದಾನೆ, ಡೇನಿಷ್ ಮತ್ತು ಸ್ವೀಡಿಷ್ ಭಾಷೆಗಳಲ್ಲಿ ಬರಿಯ 'ಸ್ಕ್' ಆಗಿದ್ದಾನೆ.

ನಮ್ಮ ವ್ಯಾಕರಣದ ಲೆಕ್ಕದಲ್ಲಿ ಇದೊಂದು ತದ್ಧಿತ ಪ್ರತ್ಯಯ. ನಾಮಪದಕ್ಕೆ ಹತ್ತಿ ಗುಣವಾಚಕವನ್ನು ಹುಟ್ಟಿಸುವ ಕೆಲಸ ಅದರದು. ಇಷ್ಟು ಹೇಳಿ ಮುಂದೆ ಹೋಗಿಬಿಡಬಹುದು, ಶಾಲಾ ವ್ಯಾಕರಣಗಳು ಮಾಡುವುದೂ ಅದನ್ನೇ. ಆದರೆ ಈ ಪುಟ್ಟ ಬಾಲಂಗೋಚಿಯ ಬದುಕಿನಲ್ಲಿ ನನ್ನನ್ನು ಕಾಡುವ ಒಂದು ವೈಚಿತ್ರ್ಯವಿದೆ. ಒಂದು ಕಾಲದಲ್ಲಿ 'ಇದು ಇವರದೇ' ಎಂದು ಖಚಿತವಾಗಿ ಹೇಳುವುದಕ್ಕೆ ಹುಟ್ಟಿದ ಪ್ರತ್ಯಯ ಇವತ್ತು 'ಹೆಚ್ಚುಕಡಿಮೆ ಹಾಗೆ, ಪೂರ್ತಿ ಹಾಗಲ್ಲ' ಎಂದು ಜಾರಿಕೊಳ್ಳುವವರ ಕೈಗೆ ಸಿಕ್ಕಿದೆ. ಅದೇ ಎರಡಕ್ಷರ. ಇಂಗ್ಲಿಷ್ ಎಂದಾಗ ಪೂರ್ತಿ ಇಂಗ್ಲೆಂಡಿನದು, ರೆಡ್ಡಿಷ್ ಎಂದಾಗ ಪೂರ್ತಿ ಕೆಂಪಲ್ಲದ್ದು. ಈ ಹೊರಳು ಎಲ್ಲಿ ಆಯಿತು?

ಮೊದಲು ಜನಾಂಗಗಳ ಹೆಸರನ್ನೇ ನೋಡೋಣ. ಇದರ ಅತ್ಯಂತ ಹಳೆಯ ಕಸುಬು ಅದು. ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ವಾರ್ಷಿಕ ವೃತ್ತಾಂತದ ಒಂದು ಪ್ರತಿ 12ನೆಯ ಶತಮಾನದಲ್ಲಿ ಪೀಟರ್‌ಬರೋ ಮಠದಲ್ಲಿ ನಕಲಾಯಿತು. ಅದರ ಆರಂಭದಲ್ಲೇ ಈ ದ್ವೀಪದಲ್ಲಿ ಐದು ಭಾಷೆಗಳಿವೆ ಎಂಬ ಮಾತಿದೆ. ಆಮೇಲೆ ಪಟ್ಟಿ: ಇಂಗ್ಲಿಷ್, ಬ್ರಿಟಿಷ್, ವೆಲ್ಷ್, ಸ್ಕಾಟಿಷ್, ಪಿಕ್ಟಿಷ್ ಮತ್ತು ಪುಸ್ತಕದ ಲ್ಯಾಟಿನ್. ಎಣಿಸಿದರೆ ಆರಾಗುತ್ತವೆ. ಬ್ರಿಟಿಷ್-ವೆಲ್ಷ್ ಎಂಬ ಒಂದೇ ಭಾಷೆಯ ಹೆಸರನ್ನು ನಕಲುಗಾರ ಎರಡಾಗಿ ಒಡೆದುಬಿಟ್ಟ ಎಂದು ವಿದ್ವಾಂಸರು ವಿವರಿಸುತ್ತಾರೆ. ಲೆಕ್ಕ ತಪ್ಪಿದರೂ ಆ ಸಾಲಿನ ಒಂದು ಸೊಗಸು ಹಾಗೇ ಉಳಿದಿದೆ: ನೆಲದ ಮೇಲೆ ಜನ ಆಡುತ್ತಿದ್ದ ಎಲ್ಲ ಭಾಷೆಗಳಿಗೂ 'ಇಷ್' ಇದೆ, ಪುಸ್ತಕದಲ್ಲಷ್ಟೇ ಬದುಕಿದ್ದ ಲ್ಯಾಟಿನ್ನಿಗೆ ಇಲ್ಲ. ಅಲ್ಲಿನ 'ಬ್ರಿಟಿಷ್' ಕೂಡ ಇಂದಿನ ಬ್ರಿಟಿಷ್ ಅಲ್ಲ. ಆಂಗಲ್‌ಗಳು ಬರುವ ಮುಂಚಿನಿಂದಲೂ ಅಲ್ಲಿದ್ದ ಕೆಲ್ಟಿಕ್ ಜನರ ಭಾಷೆ ಅದು.

ವೆಲ್ಷ್ ಎಂಬುದರಲ್ಲಿ ಇಷ್ ಎಲ್ಲಿದೆ ಎಂದು ಕೇಳಬಹುದು. ಇದೆ, ಸ್ವರ ಬಿದ್ದುಹೋಗಿ ತುದಿ ಮಾತ್ರ ಉಳಿದಿದೆ. ಮೂಲದಲ್ಲಿ 'ವೆಆಲ್ಹ್' ಎಂದರೆ ಪರಕೀಯ. ಅದಕ್ಕೆ ಇಷ್ ಸೇರಿ ವೆಲ್ಷ್. ವಾಲ್‌ನಟ್ ಎಂಬ ಅಕ್ರೋಟಿನ ಹೆಸರಿನಲ್ಲೂ ಇರುವುದು ಇದೇ ಮಾತು, ಪರದೇಶದ ಬೀಜ ಎಂಬ ಅರ್ಥದಲ್ಲಿ. ತಾವು ಮೊದಲಿನಿಂದ ಇದ್ದ ನೆಲದಲ್ಲೇ, ಆಮೇಲೆ ಬಂದವರಿಂದ 'ಪರಕೀಯರು' ಎನ್ನಿಸಿಕೊಂಡ ಜನ ಅವರು. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ಕಮ್ರಿ ಎಂದು. ಪ್ರತ್ಯಯವೇನೋ ಸೇರಿದವರು ಎಂದೇ ಹೇಳುತ್ತದೆ. ಎಲ್ಲಿಗೆ ಸೇರಿದವರು ಎಂಬುದನ್ನು ಹೇಳುವವನ ಬಾಯಿ ತೀರ್ಮಾನಿಸುತ್ತದೆ.

ಹೀಗೆ ಸವೆದು ಗುರುತು ಸಿಗದಂತಾದ ಇಷ್‌ಗಳು ಇನ್ನೂ ಇವೆ. ಫ್ರೆಂಚ್ ಎಂಬುದು ಫ್ರಾಂಕ್ ಜನರ ಹೆಸರಿಗೆ ಇಷ್ ಹತ್ತಿ ಆದದ್ದು. ಸ್ಕಾಚ್ ಎಂಬುದು ಸ್ಕಾಟಿಷ್‌ನ ಸಂಕ್ಷಿಪ್ತ. ಸ್ಕಾಟ್ಲೆಂಡಿನವರು ತಮ್ಮನ್ನು ಸ್ಕಾಚ್ ಎಂದರೆ ಮುಖ ಗಂಟಿಕ್ಕುತ್ತಾರೆ, ಆ ರೂಪವನ್ನು ಮುಖ್ಯವಾಗಿ ವಿಸ್ಕಿಗೆ ಬಿಟ್ಟುಕೊಟ್ಟಿದ್ದಾರೆ. ಇನ್ನು ಡಚ್. ಅದರ ಬುಡದಲ್ಲಿರುವ ಪದಕ್ಕೆ ಬರಿಯ 'ಜನ' ಎಂದರ್ಥ. ಜನಕ್ಕೆ ಸೇರಿದ್ದು, ಅಂದರೆ ಲ್ಯಾಟಿನ್ ಅಲ್ಲದ್ದು, ಜನಸಾಮಾನ್ಯರ ನುಡಿ. ಜರ್ಮನ್ನರು ತಮ್ಮನ್ನು ಡಾಯ್ಚ್ ಎಂದುಕೊಳ್ಳುವುದೂ ಅದೇ ಪದದಿಂದ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಮೂಲದವರನ್ನು ಇಂದಿಗೂ ಪೆನ್ಸಿಲ್ವೇನಿಯಾ ಡಚ್ ಎನ್ನುವುದು ಈ ಹಳೆಯ ವಿಶಾಲಾರ್ಥದ ಪಳೆಯುಳಿಕೆ.

ಯಾವ ದೇಶಕ್ಕೆ ಇಷ್, ಯಾವುದಕ್ಕೆ ಅನ್, ಯಾವುದಕ್ಕೆ ಈಸ್ ಎಂಬುದಕ್ಕೆ ಕಟ್ಟುನಿಟ್ಟಾದ ಸೂತ್ರವಿಲ್ಲ. ಆದರೂ ಕಣ್ಣಾಡಿಸಿದರೆ ಒಂದು ನಕ್ಷೆ ಮೂಡುತ್ತದೆ. ಐರಿಷ್, ಡೇನಿಷ್, ಸ್ವೀಡಿಷ್, ಫಿನ್ನಿಷ್, ಫ್ಲೆಮಿಷ್, ಪೋಲಿಷ್, ಸ್ಪ್ಯಾನಿಷ್: ಬಹುಪಾಲು ಯುರೋಪಿನ ಅಕ್ಕಪಕ್ಕದವರು. ಟರ್ಕಿಷ್, ಕುರ್ದಿಷ್ ಮೊದಲಾದವು ಆಚೆಗೆ ಚಾಚಿಕೊಂಡ ಕೆಲವು. ಇಂಡಿಯನ್, ಅಮೆರಿಕನ್, ರಷ್ಯನ್ ಎಂಬುವಕ್ಕೆ ಲ್ಯಾಟಿನ್ ಮೂಲದ ಬಾಲ. ಚೈನೀಸ್, ಜಪಾನೀಸ್ ಎಂಬುವಕ್ಕೂ ಮೂಲ ಲ್ಯಾಟಿನ್ನೇ, ಬಂದ ದಾರಿ ಇಟಲಿ, ಪೋರ್ಚುಗಲ್‌ಗಳ ಕಡೆಯದು. ಇರಾಕಿ, ಪಾಕಿಸ್ತಾನಿ, ಪಂಜಾಬಿ ಎಂಬುವು ಅರಬ್ಬಿ-ಪಾರಸಿಗಳ 'ಈ'ಕಾರವನ್ನು ಜೊತೆಗೇ ಕರೆತಂದವು. ಆಡುಮಾತಿನ ಇಂಗ್ಲಿಷಿಗೆ ಮೊದಲೇ ಪರಿಚಯವಿದ್ದವರಿಗೆ ಮನೆಯ ಪ್ರತ್ಯಯ, ಪುಸ್ತಕದ ಮೂಲಕವೋ ಹಡಗಿನ ಮೂಲಕವೋ ಆಮೇಲೆ ಪರಿಚಯವಾದವರಿಗೆ ಎರವಲು ಪ್ರತ್ಯಯ ಎಂದು ಒಟ್ಟಾರೆಯಾಗಿ ಹೇಳಬಹುದು. ನೆರೆಯಲ್ಲೇ ಇರುವ ನಾರ್ವೆ ಈ ಮಾತನ್ನು ಕೆಡಿಸುತ್ತದೆ. ಅದಕ್ಕೆ ನಾರ್ವೀಜಿಯನ್ ಎಂಬ ಲ್ಯಾಟಿನ್ ಪೋಷಾಕೇ ಗತಿಯಾಯಿತು.

ಈಗ ಹೊರಳಿನ ವಿಷಯ. ಹಳೆಯ ಇಂಗ್ಲಿಷಿನಲ್ಲೇ ಚೈಲ್ಡಿಷ್ ಎಂಬ ಪದವಿತ್ತು. ಮಗುವಿಗೆ ಸಂಬಂಧಿಸಿದ್ದು ಎಂಬುದಷ್ಟೇ ಅದರ ಅರ್ಥ, ಬೈಗುಳದ ಸೋಂಕು ಇರಲಿಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲೂ, ದೊಡ್ಡವನಾದ ಮೇಲೆ ತಾನು ಬಿಟ್ಟುಕೊಟ್ಟ ಬಾಲ್ಯದ ಸಂಗತಿಗಳಿಗೆ ಇದೇ ವಿಶೇಷಣವಿದೆ. ಮಗುವಿನ ಆಟವನ್ನು ಚೈಲ್ಡಿಷ್ ಎಂದರೆ ಅದರಲ್ಲಿ ಅವಮಾನವೇನೂ ಇಲ್ಲ, ಅದು ಮಗುವಿನದೇ. ಅದೇ ಮಾತನ್ನು ನಲವತ್ತು ದಾಟಿದ ಗೃಹಸ್ಥನಿಗೆ ಅಂದು ನೋಡಿ. ಪ್ರತ್ಯಯ ಬದಲಾಗಿಲ್ಲ, ಅದು ಹೋಗಿ ಕುಳಿತ ಮನೆ ಬದಲಾಗಿದೆ. ಯಾವುದಕ್ಕೆ ಅದು ನ್ಯಾಯವಾಗಿ ಸೇರಿಲ್ಲವೋ ಅದಕ್ಕೆ ಹಚ್ಚಿದ ಕ್ಷಣದಿಂದ 'ಸೇರಿದ್ದು' ಎಂಬ ಅರ್ಥ ಸತ್ತು 'ಹಾಗೆ ಕಾಣುವಂಥದ್ದು' ಎಂಬ ಅರ್ಥ ಹುಟ್ಟುತ್ತದೆ. ಇಷ್‌ನ ಮುಂದಿನ ಕಥೆಯೆಲ್ಲ ಇಲ್ಲಿಂದಲೇ ಕವಲೊಡೆದದ್ದು ಎಂದು ನನ್ನ ನಂಬಿಕೆ. ಒಂದು ಕವಲು ಹೀಯಾಳಿಕೆಯ ಕಡೆಗೆ ಹೋಯಿತು, ಇನ್ನೊಂದು ಅಂದಾಜಿನ ಕಡೆಗೆ.

ಹೀಯಾಳಿಕೆಗೆ ರೋಮಿಷ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರೋಮಿಗೆ ಸಂಬಂಧಿಸಿದ್ದನ್ನು ಹೇಳಲು ರೋಮನ್ ಎಂಬ ಪದ ಇದ್ದೇ ಇತ್ತು. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ಪೋಪರಿಂದ ಬೇರೆಯಾದಾಗ ಪ್ರಾಟೆಸ್ಟಂಟರು ಕ್ಯಾಥೊಲಿಕರನ್ನು ಚುಚ್ಚಲು ರೋಮಿಷ್ ಎನ್ನತೊಡಗಿದರು. ಪೋಪಿಷ್ ಎಂಬುದೂ ಅದರ ಜೊತೆಗಾರ. ಎರಡು ಪದ, ಒಂದೇ ಊರು. ಒಂದರಲ್ಲಿ ಸಾಮ್ರಾಜ್ಯದ ಗತ್ತು, ಇನ್ನೊಂದರಲ್ಲಿ ಮೂಗು ಮುರಿಯುವ ದನಿ. ಪುರುಷ, ಸ್ತ್ರೀಯರ ವಿಷಯಕ್ಕೆ ಬಂದರೂ ಇದೇ ಏಣಿ. ವುಮನ್ಲಿ ಎಂದರೆ ಹೊಗಳಿಕೆ, ವುಮನಿಷ್ ಎಂದರೆ ತೆಗಳಿಕೆ, ಅದರಲ್ಲೂ ಗಂಡಸಿಗೆ ಹೇಳುವಾಗ. ಮ್ಯಾನ್ಲಿ ಎಂದರೆ ಬೆನ್ನು ತಟ್ಟುವುದು, ಮ್ಯಾನಿಷ್ ಎಂದರೆ ಹೆಂಗಸೊಬ್ಬಳ ಉಡುಪಿನ ಬಗ್ಗೆ ಕೊಂಕು. ಯಾರು ಯಾರಂತೆ ಇರಬೇಕು ಎಂಬ ಸಮಾಜದ ಅಪ್ಪಣೆಗಳನ್ನು ಇಷ್ಟು ಚಿಕ್ಕ ಜಾಗದಲ್ಲಿ ಮಡಚಿಟ್ಟದ್ದು ಬೇರೆಲ್ಲೂ ಸಿಗಲಾರದು. ಸೆಲ್ಫಿಷ್ ಎಂಬ ಪದ 17ನೆಯ ಶತಮಾನದ್ದು. 'ತಾನು' ಎಂಬುದಕ್ಕೂ ಇಷ್ ಅಂಟಿದಾಗ ಗುಣವಾಗಿ ಹುಟ್ಟಿದ್ದು ಸ್ವಾರ್ಥ.

ಎಲ್ಲ ಇಷ್‌ಗಳೂ ಬೈಗುಳಗಳೇ ಎಂದು ಹೊರಟರೆ ಮಾತ್ರ ಎಡವುತ್ತೇವೆ. ಸ್ಟೈಲಿಷ್ ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಬಾಯಿಷ್ ಎಂಬುದನ್ನು ಐವತ್ತರ ಪ್ರಾಯದ ನಟನ ನಗೆಗೆ ಪ್ರಶಂಸೆಯಾಗಿ ಬಳಸುತ್ತಾರೆ. ಮಗುವಿನಂತಿರುವುದು ತಪ್ಪು, ಹುಡುಗನಂತಿರುವುದು ಒಪ್ಪು! ಇಲ್ಲಿ ತರ್ಕ ಹುಡುಕುವುದಕ್ಕಿಂತ ಬಳಕೆಯನ್ನು ಗಮನಿಸುವುದೇ ಜಾಣತನ. ಮಗುವಿನ ಒಳ್ಳೆಯ ಗುಣವನ್ನು ಹೇಳಲು ಇಂಗ್ಲಿಷಿನವರು ಚೈಲ್ಡ್‌ಲೈಕ್ ಎಂಬ ಬೇರೆ ಪದವನ್ನು ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ನಾವೂ ಇದೇ ಕೆಲಸವನ್ನು ಎರಡು ಪದಗಳಿಗೆ ಹಂಚಿದ್ದೇವೆ: 'ಮಗುವಿನಂಥ ಮನಸ್ಸು' ಎಂಬುದು ಮೆಚ್ಚುಗೆ, 'ಬಾಲಿಶ' ಎಂಬುದು ಟೀಕೆ. ಬಾಲಿಶ ಎಂಬುದರ ಕೊನೆಯಲ್ಲೂ ಇಷ್ ಕೇಳಿಸುತ್ತದಲ್ಲ ಎಂದು ಯಾರಿಗಾದರೂ ಪುಳಕವಾದರೆ ಆಶ್ಚರ್ಯವಿಲ್ಲ. ಆದರೆ ಅದು ಶುದ್ಧ ಆಕಸ್ಮಿಕ. ಸಂಸ್ಕೃತದ ಆ ಪದಕ್ಕೂ ಜರ್ಮನಿಕ್ ಭಾಷೆಗಳ ಈ ಪ್ರತ್ಯಯಕ್ಕೂ ಸಂಬಂಧವಿಲ್ಲ. ದನಿ ಹೋಲುತ್ತದೆ ಎಂದು ನಂಟು ಕಟ್ಟುವ ಚಪಲ ನಮ್ಮಲ್ಲಿ ಸ್ವಲ್ಪ ಜಾಸ್ತಿ. ಅದಕ್ಕಾಗಿಯೇ ಈ ಮಾತು.

ಪ್ರಾಣಿಗಳ ಹೆಸರಿಗೆ ಇಷ್ ಹತ್ತಿದರೆ ಸಾಮಾನ್ಯವಾಗಿ ಮನುಷ್ಯನಿಗೆ ಏಟು. ಹಂದಿಯಿಂದ ಪಿಗ್ಗಿಷ್, ಹೇಸರಗತ್ತೆಯಿಂದ ಮ್ಯೂಲಿಷ್, ಕಣಜದಿಂದ ವಾಸ್ಪಿಷ್. ಶೀಪಿಷ್ ಎಂಬುದು ಕುರಿಯ ಸಾಧುತನದಿಂದ ಹೊರಟು, ತಪ್ಪು ಮಾಡಿ ಸಿಕ್ಕಿಬಿದ್ದವನ ಪೆಚ್ಚುನಗೆಗೆ ಬಂದು ನಿಂತಿದೆ. ಷೇರುಪೇಟೆಯವರು ಮಾತ್ರ ಇದೇ ಪ್ರಾಣಿಗಳನ್ನು ಪಳಗಿಸಿಕೊಂಡರು. ಬೆಲೆ ಏರುತ್ತದೆ ಎಂದು ನಂಬಿದವನು ಬುಲಿಷ್, ಇಳಿಯುತ್ತದೆ ಎಂದವನು ಬೇರಿಷ್. ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದವರು ಅದನ್ನು ಗೂಳಿ ಓಟ, ಕರಡಿ ಕುಣಿತ ಎಂದು ಬರೆದು ಮೂಲಕ್ಕಿಂತ ಚೆಂದ ಮಾಡಿದ್ದಾರೆ. ಬಡ್ಡಿದರದ ಚರ್ಚೆಯಲ್ಲಿ ಬರುವ ಹಾಕಿಷ್, ಡವಿಷ್ ಎಂಬ ಗಿಡುಗ-ಪಾರಿವಾಳಗಳೂ ಇದೇ ಕೊಟ್ಟಿಗೆಯವು. ಹಣದ ವ್ಯವಹಾರದಲ್ಲಿ ಇವು ಬೈಗುಳಗಳಲ್ಲ, ನಿಲುವುಗಳ ಹೆಸರುಗಳು.

ಅಂದಾಜಿನ ಕವಲು ಬಣ್ಣಗಳಿಂದ ಶುರುವಾಯಿತು. 14ನೆಯ ಶತಮಾನದ ಕೊನೆಯ ಹೊತ್ತಿಗೆ ಬ್ಲೂಯಿಷ್, ರೆಡ್ಡಿಷ್ ಮುಂತಾದವು ಬರಹದಲ್ಲಿ ಕಾಣಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ನಾಮಪದಗಳ ಬೆನ್ನು ಹತ್ತಿದ್ದ ಪ್ರತ್ಯಯ ಗುಣವಾಚಕಗಳಿಗೂ ಅಂಟತೊಡಗಿತು. ಕೆಂಪು ಎಂಬುದು ಮೊದಲೇ ಗುಣ. ಅದಕ್ಕೆ 'ಸೇರಿದ್ದು' ಎಂದರೆ ಅರ್ಥವಿಲ್ಲ. ಹಾಗಾಗಿ 'ಕೆಂಪಿನ ಹತ್ತಿರದ್ದು' ಎಂಬ ಅರ್ಥವೊಂದೇ ಉಳಿಯಿತು. ಕನ್ನಡಕ್ಕೆ ಇಲ್ಲಿ ಯಾರ ಹಂಗೂ ಇಲ್ಲ. ನಸುಗೆಂಪು, ನಸುಹಳದಿ, ನಸುನಗೆ, ನಸುಗತ್ತಲೆ ಎಂದು ನಮ್ಮ 'ನಸು' ಬಣ್ಣದಾಚೆಗೂ ಸರಾಗವಾಗಿ ಓಡಾಡುತ್ತದೆ. ರೆಡ್ಡಿಷ್ ಎಂದಿದ್ದಲ್ಲಿ 'ಕೆಂಪು ಮಿಶ್ರಿತ' ಎಂದು ಅನುವಾದಿಸುವವರನ್ನು ಕಂಡರೆ, ಮನೆಯಲ್ಲೇ ಇಷ್ಟು ಒಳ್ಳೆಯ ಪದವಿರುವಾಗ ಈ ಬಣ್ಣದ ಅಂಗಡಿಯ ಭಾಷೆ ಯಾಕೆ ಎಂದು ಕೇಳಬೇಕೆನಿಸುತ್ತದೆ. ನಮ್ಮದು ಪದದ ಮುಂದೆ ನಿಲ್ಲುತ್ತದೆ, ಅವರದು ಹಿಂದೆ. ನಸುಗೆಂಪು ಎನ್ನುವವನು ಬಣ್ಣ ಹೇಳುವ ಮೊದಲೇ ಅದು ತೆಳುವಾದದ್ದು ಎಂದು ತಿಳಿಸಿರುತ್ತಾನೆ. ರೆಡ್ಡಿಷ್ ಎನ್ನುವವನು ಮೊದಲು ಕೆಂಪು ಎಂದು ಘೋಷಿಸಿ, ಆಮೇಲೆ ಅರ್ಧ ಹೆಜ್ಜೆ ಹಿಂದಕ್ಕಿಡುತ್ತಾನೆ.

ಬಣ್ಣದಿಂದ ಎತ್ತರಕ್ಕೆ, ವಯಸ್ಸಿಗೆ, ಟಾಲಿಷ್, ಓಲ್ಡಿಷ್ ಎಂದು ಹಬ್ಬುತ್ತಾ ಹೋಗಿ, 20ನೆಯ ಶತಮಾನದ ಆರಂಭದಲ್ಲಿ ಇದು ಗಡಿಯಾರವನ್ನು ಮುಟ್ಟಿತು. ಇಲೆವನಿಷ್, ಸೆವನಿಷ್. ಏಳರ ಸುಮಾರಿಗೆ ಬನ್ನಿ ಎಂಬ ಅರ್ಥ. ಇಲ್ಲಿ ಗಮನಿಸಬೇಕಾದದ್ದು, ದುಂಡು ಸಂಖ್ಯೆಗಳನ್ನು ಮಾತ್ರ ಇದು ಒಪ್ಪುತ್ತದೆ. ಏಳು ಗಂಟೆ ನಲವತ್ತಮೂರು ನಿಮಿಷಕ್ಕೆ ಇಷ್ ಹಚ್ಚಿದರೆ ಕೇಳಿದವರು ನಗುತ್ತಾರೆ, ಏಕೆಂದರೆ ಅಷ್ಟು ನಿಖರವಾಗಿ ಅಳೆದವನು ಅಂದಾಜು ಹೇಳುವ ಅಗತ್ಯವೇ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಔತಣಕ್ಕೆ ಸೆವನಿಷ್ ಎಂದು ಕರೆದರೆ ಏಳು ಹತ್ತಕ್ಕೆ ಹೋಗಬಹುದು, ಆರು ಐವತ್ತಕ್ಕೆ ಹೋದರೆ ಮನೆಯವರು ಮುಜುಗರಪಡುತ್ತಾರೆ. ಅಂದಾಜು ಎಂಬುದು ಎರಡೂ ಕಡೆಗೆ ಸಮನಾಗಿ ಚಾಚಿರಬೇಕು ಎಂಬುದು ಗಣಿತದ ನಿಯಮ. ಸೌಜನ್ಯದ ನಿಯಮದಲ್ಲಿ ಅದು ತಡದ ಕಡೆಗೆ ಮಾತ್ರ ವಾಲುತ್ತದೆ.

ಇಷ್ ಎಂದು ಕೊನೆಗೊಂಡ ಮಾತ್ರಕ್ಕೆ ಎಲ್ಲವೂ ಈ ಕುಲದವಲ್ಲ ಎಂಬುದನ್ನೂ ಹೇಳಬೇಕು. ಫಿನಿಷ್, ಪನಿಷ್, ವ್ಯಾನಿಷ್, ಅಬಾಲಿಷ್, ನರಿಷ್ ಎಂಬ ಕ್ರಿಯಾಪದಗಳ ಇಷ್ ಬಂದದ್ದು ಹಳೆಯ ಫ್ರೆಂಚಿನಿಂದ, ಅಲ್ಲಿನ ಕೆಲವು ಧಾತುಗಳ ನಡುವೆ ಇಣುಕುತ್ತಿದ್ದ 'ಇಸ್ಸ್' ಎಂಬ ತುಣುಕಿನಿಂದ. ಅದರ ಹಿಂದೆ ಲ್ಯಾಟಿನ್ನಿನಲ್ಲಿ, ಆಗತೊಡಗುವುದು ಎಂಬ ಅರ್ಥದ ಒಂದು ಪ್ರತ್ಯಯವಿದೆ. ಅಡೋಲೆಸೆಂಟ್ ಎಂಬ ಪದದ ಹೊಟ್ಟೆಯೊಳಗೂ ಅದೇ ಇದೆ, ಬೆಳೆಯತೊಡಗಿದವನು ಎಂದು. ಪಬ್ಲಿಷ್, ಡಿಸ್ಟಿಂಗ್ವಿಷ್ ಎಂಬುವಕ್ಕೆ ಫ್ರೆಂಚಿನಲ್ಲಿ ಆ ತುಣುಕೂ ಇರಲಿಲ್ಲ. ಎಲ್ಲರೂ ಹಾಕಿಕೊಂಡಿದ್ದಾರೆ, ನಮಗೂ ಇರಲಿ ಎಂದು ಅವು ನೋಡಿ ಕಲಿತವು. ಹೀಗಾಗಿ ಕಾಗುಣಿತದಲ್ಲಿ ಎರಡು ತಮಾಷೆಯ ಜೋಡಿಗಳು ಹುಟ್ಟಿವೆ. ಪೋಲೆಂಡಿನ ಪೋಲಿಷ್ ಮತ್ತು ಬೂಟಿಗೆ ಹಾಕುವ ಪಾಲಿಷ್ ನಡುವೆ ಬರಹದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಮಾತ್ರ. ಫಿನ್ಲೆಂಡಿನ ಫಿನ್ನಿಷ್‌ಗೂ ಮುಗಿಸುವ ಫಿನಿಷ್‌ಗೂ ದೊಡ್ಡಕ್ಷರದ ಜೊತೆಗೆ ಒಂದು ಹೆಚ್ಚುವರಿ ಅಕ್ಷರದ ಅಂತರ. ಮೂಲಂಗಿಯ ರ್‍ಯಾಡಿಷ್, ಮೀನಿನ ಫಿಷ್, ಬಟ್ಟಲಿನ ಡಿಷ್ ಇವುಗಳ ವಿಷಯ ಬಿಡಿ, ಅವುಗಳಲ್ಲಿ ಪ್ರತ್ಯಯವೇ ಇಲ್ಲ.

ಕುಲದವರೇ ಆಗಿದ್ದು ಗುರುತು ಮರೆಸಿಕೊಂಡವರೂ ಇದ್ದಾರೆ. ಪಿಕ್ಚರೆಸ್ಕ್, ಗ್ರೋಟೆಸ್ಕ್, ಅರಬೆಸ್ಕ್ ಎಂಬ ಪದಗಳ ಬಾಲವನ್ನು ಯಾರು ನೋಡಿದರೂ ಫ್ರೆಂಚ್ ಶ್ರೀಮಂತಿಕೆ ಎನ್ನುತ್ತಾರೆ. ಅದು ಫ್ರೆಂಚಿಗೆ ಬಂದದ್ದು ಇಟಲಿಯ 'ಎಸ್ಕೊ'ದಿಂದ, ಇಟಲಿಗೆ ಬಂದದ್ದು ಉತ್ತರದ ಜರ್ಮನಿಕ್ ಜನರ ಇದೇ 'ಇಸ್ಕ್'ನಿಂದ. ಅಂದರೆ ಒಂದೇ ಪ್ರತ್ಯಯ ಇಂಗ್ಲಿಷಿನಲ್ಲಿ ಎರಡು ಸಲ ಇದೆ, ಒಮ್ಮೆ ಮನೆಯ ಉಡುಪಿನಲ್ಲಿ, ಇನ್ನೊಮ್ಮೆ ಆಲ್ಪ್ಸ್ ಪರ್ವತದಾಚೆ ಸುತ್ತಿ ಬಂದ ಜರಿಯಂಚಿನಲ್ಲಿ. ಹೊಗಳಬೇಕಾದಾಗ ಎಸ್ಕ್ ಎನ್ನುವವರು ತೆಗಳಬೇಕಾದಾಗ ಇಷ್ ಎನ್ನುವುದು, ವಿದೇಶದಿಂದ ಮರಳಿದ ಅಣ್ಣನಿಗೆ ಮಣೆ ಹಾಕಿ ಊರಲ್ಲೇ ಉಳಿದ ತಮ್ಮನನ್ನು ಗದರುವ ರೀತಿಯದು. ಗ್ರೀಕಿನಲ್ಲಿ ಇದಕ್ಕೆ ಸಂಬಂಧವಿರಬಹುದಾದ 'ಇಸ್ಕೊಸ್' ಎಂಬ ಪ್ರತ್ಯಯ ಪುಟ್ಟದು ಎಂಬ ಅರ್ಥ ಕೊಡುತ್ತದೆ. ಪುಟದ ಅಡಿಟಿಪ್ಪಣಿಗೆ ಹಾಕುವ ಆಸ್ಟರಿಸ್ಕ್ ಎಂದರೆ ಪುಟ್ಟ ನಕ್ಷತ್ರ.

ಇಷ್‌ನ ಇತ್ತೀಚಿನ ಸಾಹಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅದು ಈಗ ಯಾವ ಪದದ ಬೆನ್ನೂ ಹತ್ತದೆ ಒಂಟಿಯಾಗಿ ನಿಲ್ಲುತ್ತದೆ. ಸಿನಿಮಾ ಚೆನ್ನಾಗಿತ್ತೇ ಎಂದರೆ ಉತ್ತರ: ಇಷ್. ಕೆಲಸ ಮುಗಿಯಿತೇ? ಇಷ್. 1980ರ ದಶಕದಿಂದ ಇಂಥ ಬಳಕೆ ಮುದ್ರಣದಲ್ಲಿ ಕಾಣಿಸುತ್ತದೆ, ನಿಘಂಟುಗಳೂ ಅದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿವೆ. ಭಾಷಾಶಾಸ್ತ್ರಜ್ಞರ ಕಣ್ಣು ಇದರ ಮೇಲೆ ಬಿದ್ದದ್ದಕ್ಕೆ ಕಾರಣವಿದೆ. ಭಾಷೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ. ಸ್ವತಂತ್ರ ಪದಗಳು ಸವೆದು ಸವೆದು ಪ್ರತ್ಯಯಗಳಾಗುತ್ತವೆ. ಫ್ರೆಂಡ್ಲಿ ಎಂಬುದರ 'ಲಿ' ಒಂದಾನೊಂದು ಕಾಲದಲ್ಲಿ ದೇಹ ಎಂಬ ಅರ್ಥದ ಪದವಾಗಿತ್ತು. ಕಿಂಗ್‌ಡಮ್‌ನ 'ಡಮ್' ತೀರ್ಪು ಎಂಬ ಅರ್ಥದ್ದು. ನಮ್ಮ ಮಾಲೆಗಾರ, ಬಳೆಗಾರರ 'ಗಾರ'ವನ್ನು ಸಂಸ್ಕೃತದ 'ಕಾರ'ಕ್ಕೆ ಒಯ್ದು ಮುಟ್ಟಿಸುತ್ತಾರೆ. ಪದವು ಪ್ರತ್ಯಯವಾಗುವ ಈ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವವರು ವಿರಳ. 'ಇಸಂ' ಹಾಗೆ ಬಂದಿದೆ. ನಾವೂ ಇಸಂಗಳು ಎಂದು ಬಹುವಚನ ಹಚ್ಚಿ ಬಳಸುತ್ತೇವೆ. ಆದರೆ ಅದು ನಾಮಪದವಾಗಿ ತೆಪ್ಪಗೆ ಕುಳಿತಿತು. ಇಷ್ ಹಾಗಲ್ಲ, ಮುಂಚೆ ಆಡಿದ ಇಡೀ ವಾಕ್ಯದ ಸತ್ಯವನ್ನೇ ಒಂದು ಅಳತೆ ಕಡಿಮೆ ಮಾಡುತ್ತದೆ. 'ನಾನು ತಯಾರಾಗಿದ್ದೇನೆ' ಎಂದು ಹೇಳಿ, ಒಂದು ಕ್ಷಣ ಬಿಟ್ಟು, 'ಇಷ್' ಎಂದರೆ ತಯಾರಿಯೂ ಹೋಯಿತು, ಹೇಳಿದವನ ಧೈರ್ಯವೂ ಹೋಯಿತು.

ಕನ್ನಡದಲ್ಲಿ ಈ ಒಂಟಿ ಇಷ್‌ಗೆ ಸಮನಾದ ಒಂದೇ ಪದವಿಲ್ಲ. 'ಅಷ್ಟಕ್ಕಷ್ಟೇ' ಎಂದರೆ ನಿರಾಸೆ ಹೆಚ್ಚಾಗುತ್ತದೆ, 'ಒಂದು ಮಟ್ಟಿಗೆ' ಎಂದರೆ ವರದಿಯ ವಾಸನೆ ಬರುತ್ತದೆ, 'ಹೂಂ ಅನ್ನಬಹುದು' ಎಂಬುದು ಹತ್ತಿರ ಬರುತ್ತದೆ. ನಮ್ಮ ಸೇರಿದವರ ಪ್ರತ್ಯಯ 'ಇಗ' ಈ ದಾರಿ ಹಿಡಿಯಲೇ ಇಲ್ಲ. ಕನ್ನಡಿಗ, ಗಾಣಿಗ, ಲೆಕ್ಕಿಗ ಎಂದರೆ ಆಯಿತು, ಅಲ್ಲಿ ಅರೆಬರೆಯ ಮಾತಿಲ್ಲ. ಸುಮಾರಾಗಿ ಕನ್ನಡದವನು ಎಂದು ಹೇಳಬೇಕಾದರೆ 'ಸುಮಾರಾಗಿ' ಎಂದೇ ಬಾಯಿಬಿಟ್ಟು ಹೇಳಬೇಕು.

ಇಂಗ್ಲಿಷ್ ಬಲ್ಲವರಲ್ಲೇ ಇದರ ಬಗ್ಗೆ ಎರಡು ಪಂಗಡ. ಶುದ್ಧತೆಯ ಕಾವಲುಗಾರರು ಇದನ್ನು ಸೋಮಾರಿತನ ಎನ್ನುತ್ತಾರೆ: ಏಳು ಎಂದರೆ ಏಳು ಎನ್ನಿ, ಇಲ್ಲವೇ ಏಳೂವರೆ ಎನ್ನಿ. ನನಗೇನೋ ಇದರಲ್ಲಿ ಸೋಮಾರಿತನಕ್ಕಿಂತ ಪ್ರಾಮಾಣಿಕತೆಯೇ ಕಾಣುತ್ತದೆ. ಗೊತ್ತಿಲ್ಲದ ನಿಖರತೆಯನ್ನು ನಟಿಸುವವನಿಗಿಂತ ಇಷ್ ಎನ್ನುವವನು ವಾಸಿ. ಎಲ್ಲ ಕಡೆಗೂ ಇದು ಸಲ್ಲದು ಎಂಬುದು ಬಳಸುವವರಿಗೂ ಗೊತ್ತು. ಕರಾರುಪತ್ರ ಬರೆಯುವ ವಕೀಲರು 'ಆ ದಿನಾಂಕದಂದು ಅಥವಾ ಅದರ ಆಸುಪಾಸಿನಲ್ಲಿ' ಎಂಬ ಉದ್ದದ ವಾಕ್ಯಖಂಡವನ್ನೇ ಬರೆಯುತ್ತಾರೆ. ಅರ್ಥ ಅದೇ ಆದರೂ ಅಲ್ಲಿಗೆ ಇಷ್‌ನ ಪ್ರವೇಶವಿಲ್ಲ. ಔಷಧದ ಚೀಟಿಯಲ್ಲಿ ಮಿಲಿಗ್ರಾಂ ಲೆಕ್ಕದ ಪಕ್ಕದಲ್ಲಿ ಅದನ್ನು ಕಂಡರೆ, ಅದರ ಪರವಾಗಿ ಇಷ್ಟೆಲ್ಲ ವಾದಿಸಿದ ನಾನೇ ಬೇರೆ ವೈದ್ಯರನ್ನು ಹುಡುಕಿಕೊಂಡು ಹೋಗುತ್ತೇನೆ.